ತಕ್ಕಡಿ ಯಾರ ಕೈಯಲ್ಲಿ

ಮುಷ್ಟಿಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಹಿಡಿ, ಅದಕ್ಕೆ ಜೋತುಬಿದ್ದ ಗೇಣುದ್ದದ ಪಟ್ಟಿ, ಪಟ್ಟಿಯ ತುದಿಗೊಂದು ಕೊಕ್ಕೆ. ಸೂಟ್‌ಕೇಸಿನ ಹಿಡಿಕೆಗೆ ಪಟ್ಟಿ ಸುತ್ತಿ, ಕೊಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಎತ್ತಿ ಹಿಡಿದರೆ ಪುಟ್ಟ ಪರದೆಯ ಮೇಲೆ ಅಂಕಿಗಳು ಓಡಾಡುತ್ತವೆ. ತೋಳಿನ ನಡುಕ ನಿಂತ ಮೇಲೆ ಅವೂ ನಿಲ್ಲುತ್ತವೆ, ಪೀಂ ಎಂದು ಸಣ್ಣ ಸದ್ದಾಗುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಈ ಲಗೇಜ್ ತಕ್ಕಡಿಯನ್ನು ಮೆಚ್ಚುವವರು ಹೇಳುವ ಮಾತೊಂದಿದೆ: ಇನ್ನು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಯಾರೂ ನಮ್ಮನ್ನು ಬೆಚ್ಚಿಬೀಳಿಸುವಂತಿಲ್ಲ, ತಕ್ಕಡಿ ಕೊನೆಗೂ ಪ್ರಯಾಣಿಕನ ಕೈಗೆ ಬಂತು. ಪ್ರಯಾಣಿಕನ ಗಂಟು ತೂಗುವ ಪದ್ಧತಿ ಬೆಳೆದುಬಂದ ದಾರಿಯನ್ನು ನೋಡಿದರೆ ಈ ಮಾತು ಅರ್ಧ ನಿಜವೆನಿಸುತ್ತದೆ. ತೂಗುವ ಕೆಲಸ ನಮ್ಮ ಕೈಗೆ ಬಂದಿದೆ, ಹೌದು. ತೂಕ ಇಷ್ಟೇ ಎಂದು ತೀರ್ಪು ಕೊಡುವ ಅಧಿಕಾರ ಎಲ್ಲಿತ್ತೋ ಅಲ್ಲೇ ಇದೆ.

ದಾರಿಹೋಕನ ಗಂಟನ್ನು ತೂಗಬೇಕೆಂಬ ಯೋಚನೆಯೇ ಬಹಳ ಹಳೆಯದಲ್ಲ. ಕನ್ನಡದ ಶಾಸನಗಳಲ್ಲಿ ಸುಂಕದ ಲೆಕ್ಕ ಬಂದಾಗ ಮತ್ತೆ ಮತ್ತೆ ಕಾಣುವ ಪದ ‘ಹೇರು’. ಒಂದು ಎತ್ತು ಹೊರುವಷ್ಟು, ಒಂದು ಕತ್ತೆ ಹೊರುವಷ್ಟು, ಒಂದು ಬಂಡಿ ತುಂಬುವಷ್ಟು, ಒಬ್ಬನ ತಲೆಹೊರೆಯಷ್ಟು ಎಂದು ಎಣಿಸುತ್ತಿದ್ದರು. ಹೊರುವ ಜೀವವೇ ಅಳತೆ. ಅದರ ಬೆನ್ನು ತಾಳಿದ್ದಷ್ಟು ಒಂದು ಹೇರು. ಊರಾಚೆಯ ಸುಂಕದಕಟ್ಟೆಯಲ್ಲಿ ಕೂತವನು ಕಣ್ಣಂದಾಜಿನಲ್ಲೇ ಬಹಳಷ್ಟು ಕೆಲಸ ಮುಗಿಸಬಹುದಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಹುಟ್ಟಿದ್ದೂ ಆ ಕಟ್ಟೆಯ ಮುಂದೆಯೇ, ಅಲ್ಲಿ ಚೌಕಾಸಿಗೆ ಜಾಗ ಕಡಿಮೆ. ಆದರೂ ಎಣಿಸುವುದು ಹೇರಿನ ಲೆಕ್ಕದಲ್ಲಾದ್ದರಿಂದ ಅರ್ಧ ಸೇರು ಹೆಚ್ಚಾಯಿತೆಂದು ಮೂಟೆ ಬಿಚ್ಚಿಸುವ ಪ್ರಸಂಗವೇ ಏಳುತ್ತಿರಲಿಲ್ಲ.

ಹಾಗಾದರೆ ಹಿಂದಿನವರಿಗೆ ನಿಖರ ತೂಕ ಗೊತ್ತಿರಲಿಲ್ಲವೇ, ವ್ಯಾಪಾರಿಗಳು ತಕ್ಕಡಿ ಹೊತ್ತು ತಿರುಗುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಚೆನ್ನಾಗಿಯೇ ಗೊತ್ತಿತ್ತು. ಚಿನಿವಾರರು ಮರದ ಪೆಟ್ಟಿಗೆಯೊಳಗೆ ಪುಟ್ಟ ತ್ರಾಸನ್ನು ಇಟ್ಟುಕೊಂಡು ಗುಲಗಂಜಿ ಲೆಕ್ಕದಲ್ಲಿ ಚಿನ್ನ ತೂಗುತ್ತಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ ಅಳತೆಗಳಿಗೆಂದೇ ಪೌತವಾಧ್ಯಕ್ಷನೆಂಬ ಅಧಿಕಾರಿ ಇದ್ದಾನೆ. ತೂಕದ ಬಟ್ಟುಗಳನ್ನು ಕಬ್ಬಿಣದಿಂದಲೋ ಮಗಧ, ಮೇಕಲಗಳ ಕಲ್ಲಿನಿಂದಲೋ ಮಾಡಬೇಕು, ನಾಲ್ಕು ತಿಂಗಳಿಗೊಮ್ಮೆ ಪರೀಕ್ಷಿಸಿ ಮುದ್ರೆ ಒತ್ತಿಸಿಕೊಳ್ಳಬೇಕು ಎಂದೆಲ್ಲ ಅಲ್ಲಿ ವಿಧಿಸಲಾಗಿದೆ. ಆದರೆ ಇವೆಲ್ಲ ಮಾರುವ, ಕೊಳ್ಳುವ ಸರಕಿಗೆ ಸಂಬಂಧಿಸಿದ್ದು. ಉಡುವ ಬಟ್ಟೆ, ತಿನ್ನುವ ಬುತ್ತಿ ಇಂತಿಷ್ಟೇ ತೂಗಬೇಕೆಂದು ಮನುಷ್ಯನಿಗೆ ಗೆರೆ ಎಳೆದದ್ದು, ಹೊರುವವನು ಸಾವಿರಾರು ಜನರನ್ನು ಒಟ್ಟಿಗೆ ಹೊರುವ ಕಂಪನಿಯಾದ ಮೇಲೆ.

ಅದಕ್ಕೆ ಬೇಕಾದ ಸಲಕರಣೆ ಆ ಹೊತ್ತಿಗೆ ಸಿದ್ಧವಾಗಿತ್ತು. ಎಳೆದಷ್ಟಕ್ಕೆ ತಕ್ಕಂತೆ ಸ್ಪ್ರಿಂಗು ಉದ್ದವಾಗುತ್ತದೆ ಎಂಬುದನ್ನು ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಕಲಸಿದ ಒಗಟಾಗಿ ಅಚ್ಚು ಹಾಕಿಸಿ, ಎರಡು ವರ್ಷ ಬಿಟ್ಟು ಒಡೆದು ಹೇಳಿದ. (ಬೇರೆ ಯಾರೂ ಕದಿಯಬಾರದು, ಮೊದಲಿಗ ತಾನೇ ಆಗಬೇಕು; ವಿಜ್ಞಾನಿಗಳಿಗೂ ಇಂಥ ಜಿಪುಣತನ ಉಂಟು.) ಸುಮಾರು ನೂರು ವರ್ಷಗಳ ನಂತರ ಇಂಗ್ಲೆಂಡಿನ ಬಿಲ್ಸ್ಟನ್ ಎಂಬ ಊರಿನಲ್ಲಿ ರಿಚರ್ಡ್ ಸಾಲ್ಟರ್ ಈ ನಿಯಮವನ್ನೇ ಹಿಡಿದು ಸ್ಪ್ರಿಂಗಿನ ಕಿಸೆ ತಕ್ಕಡಿ ಮಾಡತೊಡಗಿದ. ಅದೇ ವಂಶದ ತೂಗುತಕ್ಕಡಿ ನಮ್ಮ ಅಂಗನವಾಡಿಗಳಲ್ಲಿ ಕೂಸುಗಳನ್ನು ಚಡ್ಡಿಜೋಲಿಯಲ್ಲಿ ಕೂರಿಸಿ ತೂಗಲು ಬಳಕೆಯಾಗಿದೆ. ಅಂದರೆ ಜೇಬಿನಲ್ಲಿ ಒಯ್ಯುವ ತಕ್ಕಡಿ ಇಂದಿನ ಆವಿಷ್ಕಾರವಲ್ಲ, ಅದಕ್ಕೆ ಇನ್ನೂರೈವತ್ತು ವರ್ಷ ವಯಸ್ಸಾಗಿದೆ. ಇಷ್ಟು ದೀರ್ಘ ಕಾಲ ಪ್ರಯಾಣಿಕರು ಅದನ್ನು ಯಾಕೆ ಮನೆಗೆ ತರಲಿಲ್ಲ ಎಂಬುದೇ ಕುತೂಹಲದ ಪ್ರಶ್ನೆ.

ರೈಲು ಇದಕ್ಕೆ ಅರ್ಧ ಉತ್ತರ ಕೊಡುತ್ತದೆ. ಬ್ರಿಟನ್ನಿನ 1844ರ ರೈಲ್ವೆ ಕಾಯ್ದೆಯ ಪ್ರಕಾರ ಅಗ್ಗದ ಮೂರನೇ ದರ್ಜೆಯವರು 56 ಪೌಂಡು ಸಾಮಾನನ್ನು ಪುಕ್ಕಟೆ ಒಯ್ಯಬಹುದಿತ್ತು. ದರ್ಜೆಗಿಷ್ಟು ತೂಕ ಎಂಬ ಆ ಕ್ರಮ ಇಲ್ಲಿಗೂ ಬಂತು. ಇಂದಿಗೂ ನಮ್ಮ ರೈಲಿನ ಸ್ಲೀಪರ್ ದರ್ಜೆಗೆ 40 ಕಿಲೋ, ಎರಡನೇ ದರ್ಜೆಗೆ 35 ಕಿಲೋ ಉಚಿತ. ಅಳತೆಯೂ ರೈಲಿನವರದ್ದೇ. ಮದ್ರಾಸಿನ ಮಣ 25 ಪೌಂಡು, ಮುಂಬಯಿಯ ಮಣ 28 ಪೌಂಡು ಇದ್ದ ಕಾಲದಲ್ಲಿ ರೈಲ್ವೆ ಹಿಡಿದದ್ದು 82 ಪೌಂಡಿಗೂ ತುಸು ಹೆಚ್ಚು ತೂಗುವ ಬಂಗಾಳದ ಮಣವನ್ನು. ಮನೆಯಲ್ಲಿ ತಮ್ಮ ಮಣದ ಲೆಕ್ಕದಲ್ಲಿ ಮೂಟೆ ಕಟ್ಟಿ ಬಂದವರಿಗೆ ಸ್ಟೇಷನ್ನಿನಲ್ಲಿ ಅದೇ ಹೆಸರಿನ ಮೂರು ಪಟ್ಟು ಭಾರದ ಇನ್ನೊಂದು ಮಣ ಎದುರಾಗುತ್ತಿತ್ತು. ದಶಮಾಂಶ ಪದ್ಧತಿ 1956ರ ಕಾಯ್ದೆಯಿಂದಾಗಿ ಜಾರಿಗೆ ಬಂದ ಮೇಲೆ ಈ ತೊಡಕು ಕಳೆಯಿತು. ಆದರೂ ತಕ್ಕಡಿ ಕೊಳ್ಳುವ ದರ್ದು ಯಾರಿಗೂ ಹುಟ್ಟಲಿಲ್ಲ. ರೈಲು ಕಿಲೋ ಎರಡು ಕಿಲೋಗೆ ಉಸಿರುಗಟ್ಟುವ ವಾಹನವಲ್ಲ, ಸೀಟಿನಡಿಯ ಟ್ರಂಕನ್ನು ಯಾರೂ ದಿನಾ ಎಳೆದು ತೂಗುವುದೂ ಇಲ್ಲ.

ವಿಮಾನ ಬಂದದ್ದೇ ತೂಕದ ಭಯ ಹೊತ್ತುಕೊಂಡು. 1920ರ ದಶಕದಲ್ಲಿ ಇಂಪೀರಿಯಲ್ ಏರ್‌ವೇಸ್‌ನವರು ಪೆಟ್ಟಿಗೆಯ ಜೊತೆ ಪ್ರಯಾಣಿಕರನ್ನೂ ತಕ್ಕಡಿ ಹತ್ತಿಸುತ್ತಿದ್ದರು. ಆ ಕಾಲದ ಕಾನೂನಿನಲ್ಲಿ ನನಗೆ ತುಂಬ ಮುಖ್ಯವೆನಿಸುವುದು 1929ರ ವಾರ್ಸಾ ಒಪ್ಪಂದ. ಲಗೇಜಿನ ಚೀಟಿಯಲ್ಲಿ ಗಂಟುಗಳೆಷ್ಟು, ತೂಕವೆಷ್ಟು ಎಂದು ಬರೆದಿರಲೇಬೇಕೆಂದು ಅದು ವಿಧಿಸಿತು. ಪೆಟ್ಟಿಗೆ ಕಳೆದರೆ ಕಿಲೋಗೆ 250 ಫ್ರಾಂಕಿನವರೆಗೆ ಪರಿಹಾರವೆಂದು ಗೊತ್ತುಮಾಡಿತು. ಅಂದರೆ ಚೀಟಿಯ ಮೇಲಿನ ಅಂಕಿ ಎರಡೂ ಕಡೆ ಕೊಯ್ಯುತ್ತಿತ್ತು. ಹೆಚ್ಚು ತೂಗಿದರೆ ಹೆಚ್ಚು ದುಡ್ಡು ತೆರಬೇಕು, ನಿಜ. ಕಳೆದರೆ ಹೆಚ್ಚು ದುಡ್ಡು ಕೇಳಲೂಬಹುದು. ಕೌಂಟರಿನಲ್ಲಿ ಸರಿಯಾಗಿ ತೂಗಿ ಬರೆಸಿಕೊಳ್ಳುವುದರಲ್ಲಿ ಪ್ರಯಾಣಿಕನಿಗೂ ಪಾಲಿತ್ತು. 1999ರ ಮಾಂಟ್ರಿಯಲ್ ಒಪ್ಪಂದ ಇದನ್ನು ಬದಲಿಸಿತು. ಪ್ರಯಾಣಿಕರ ಲಗೇಜಿಗೆ ತಲೆಗಿಷ್ಟು ಎಂದು ಪರಿಹಾರದ ಮಿತಿ ಬಂತು, ಕಿಲೋ ಲೆಕ್ಕ ಸರಕು ಸಾಗಣೆಗೆ ಮಾತ್ರ ಉಳಿಯಿತು. ಭಾರತ ಇದನ್ನು ಒಪ್ಪಿಕೊಂಡದ್ದು 2009ರಲ್ಲಿ. ತಲೆಲೆಕ್ಕದಿಂದ ಪ್ರಯಾಣಿಕರಿಗೆ ಒಟ್ಟಾರೆ ಒಳ್ಳೆಯದೇ ಆಯಿತು, ಅಲ್ಲಗಳೆಯಲಾರೆ. ಆದರೆ ಅಂದಿನಿಂದ ಸೂಟ್‌ಕೇಸಿನ ತೂಕ ಒಂದೇ ಕಡೆ ಕೊಯ್ಯುವ ಅಂಕಿಯಾಯಿತು: ಹೆಚ್ಚಾದರೆ ದಂಡ, ಇಲ್ಲವಾದರೆ ಏನೂ ಇಲ್ಲ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 2008ರಲ್ಲಿ, ಅಮೆರಿಕದ ದೊಡ್ಡ ಕಂಪನಿಗಳು ಮೊದಲ ಪೆಟ್ಟಿಗೆಗೂ ಬೇರೆಯೇ ದುಡ್ಡು ಕೇಳತೊಡಗಿದವು. ಕಿಸೆ ತಕ್ಕಡಿಗೆ ಇನ್ನೂರೈವತ್ತು ವರ್ಷ ಸಿಗದ ಗಿರಾಕಿ ಸಿಕ್ಕಿದ್ದು ಹೀಗೆ ಎಂಬುದು ನನ್ನ ವಾದ.

ಇದಕ್ಕೆ ಬರುವ ಬಲವಾದ ಆಕ್ಷೇಪ ಸುರಕ್ಷತೆಯದು: ವಿಮಾನ ಏರಬೇಕಾದರೆ ತೂಕ ಗೊತ್ತಿರಬೇಡವೇ? ಬೇಕು. ಆದರೆ 23 ಕಿಲೋ ದಾಟಿದ ಪೆಟ್ಟಿಗೆಯಿಂದ ಉಪ್ಪಿನಕಾಯಿ ಜಾಡಿ ತೆಗೆದು ಕೈಚೀಲಕ್ಕೆ ಹಾಕಿಕೊಂಡರೆ ಕೌಂಟರಿನವರು ಸುಮ್ಮನಾಗುತ್ತಾರಲ್ಲ, ಆಗ ವಿಮಾನದ ಭಾರದಲ್ಲಿ ಗುಲಗಂಜಿಯಷ್ಟೂ ವ್ಯತ್ಯಾಸವಾಗಿರುವುದಿಲ್ಲ. ಜಾಡಿಯ ಒಡೆಯನ ಮೈತೂಕವನ್ನಂತೂ ಈಗ ಸರಾಸರಿ ಲೆಕ್ಕದಲ್ಲೇ ಹಿಡಿಯುತ್ತಾರೆ. ಒಂದೇ ಪೆಟ್ಟಿಗೆ 32 ಕಿಲೋ ಮೀರಬಾರದೆಂಬ ನಿಯಮಕ್ಕೆ ಮಾತ್ರ ನಾನು ತಲೆಬಾಗುತ್ತೇನೆ, ಅದು ಎತ್ತಿಹಾಕುವ ಕೂಲಿಗಳ ಸೊಂಟದ ಲೆಕ್ಕ. ಹಳೆಯ ಹೇರಿನ ನ್ಯಾಯಕ್ಕೆ ಹತ್ತಿರದ್ದು. ಉಳಿದ ಗೆರೆಗಳಲ್ಲಿ ಬಹುಪಾಲು ವ್ಯಾಪಾರದವು.

ಈ ಗೆರೆಗಳ ಬಿಸಿ ಚೆನ್ನಾಗಿ ತಾಗಿದ್ದು ಕೊಲ್ಲಿಗೆ ಹೋದವರಿಗೆ. ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಲ್ಲಿ ಹೆಚ್ಚಿನವರು ಬಹುಕಾಲ ಮುಂಬಯಿಯ ದಾರಿ ಹಿಡಿಯಬೇಕಿತ್ತು. ಬಜ್ಪೆಯಿಂದ ನೇರ ವಿಮಾನ ಬಂದದ್ದು 2006ರಲ್ಲಿ. ಹೋಗುವಾಗ ಕುಚ್ಚಲಕ್ಕಿ, ಹಪ್ಪಳ, ಒಣಮೀನು. ಬರುವಾಗ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯಲ್ಲಿ ಖರ್ಜೂರ, ಹಾಲಿನ ಪುಡಿ, ಸಾಬೂನು, ಕಂಬಳಿ. ತಕ್ಕಡಿ ಇಲ್ಲದ ಮನೆಗಳಲ್ಲಿ ಇಂಥ ಪೆಟ್ಟಿಗೆಯನ್ನು ಪರಿಚಯದ ಅಂಗಡಿಯಲ್ಲಿ ತೂಗಿಸುವುದು, ಮೈತೂಕದ ಯಂತ್ರದ ಮೇಲೆ ಅದನ್ನು ಹೊತ್ತು ನಿಂತು ಬಳಿಕ ತನ್ನ ತೂಕ ಕಳೆಯುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಕೈತಕ್ಕಡಿ ಇದನ್ನು ಸುಲಭ ಮಾಡಿತು. ಅದರೊಳಗಿರುವುದು 1938ರಲ್ಲಿ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಬೇರೆ ಬೇರೆಯಾಗಿ ಕಂಡುಕೊಂಡ ಉಪಾಯ: ಲೋಹದ ಚಿಕ್ಕ ಪಟ್ಟಿಗೆ ಸೊಟ್ಟಸೊಟ್ಟ ತಂತಿಯ ತೆಳು ಎಳೆ ಅಂಟಿಸಿದರೆ, ಭಾರಕ್ಕೆ ಪಟ್ಟಿ ಕಣ್ಣಿಗೆ ಕಾಣದಷ್ಟು ಬಾಗಿದಾಗಲೂ ಎಳೆಯ ವಿದ್ಯುತ್ ರೋಧ ಬದಲಾಗುತ್ತದೆ. ಪರದೆ ಹತ್ತು ಗ್ರಾಂವರೆಗೆ ತೋರಿಸುತ್ತದೆಂದು ಅಷ್ಟೂ ನಿಖರವೆಂದು ನಂಬುವಂತಿಲ್ಲ. ಹತ್ತು ಲೀಟರ್ ನೀರು ತುಂಬಿದ ಕ್ಯಾನು ಎತ್ತಿ ನೋಡಿ, ಖಾಲಿ ಕ್ಯಾನಿನ ತೂಕ ಕಳೆದರೆ ಅದರ ಬಣ್ಣ ಬಯಲಾಗುತ್ತದೆ.

ಮೊದಲೇ ತೂಕ ಗೊತ್ತಿದ್ದರೆ ಅದೂ ಒಂದು ಬಲವಲ್ಲವೇ? ಬಲವೇ, ದಂಡ ಉಳಿಯುತ್ತದೆ. ಆದರೆ ಕೌಂಟರಿನ ತಕ್ಕಡಿಯ ಎದುರು ಈ ಅಂಕಿ ಸಾಕ್ಷಿಯಾಗಿ ನಿಲ್ಲುವುದಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ವ್ಯವಹಾರದಲ್ಲಿ ಬಳಸುವ ತೂಕದ ಸಾಧನಕ್ಕೆ ಸರ್ಕಾರದ ಮುದ್ರೆ ಬೇಕು. ಪೌತವಾಧ್ಯಕ್ಷನ ಕೆಲಸ ಇಂದು ಇಲಾಖೆಯೊಂದರ ಪಾಲಿಗೆ ಬಂದಿದೆ, ಕೈತಕ್ಕಡಿಗೆ ಆ ಮುದ್ರೆ ಇಲ್ಲ. ಮನೆಯಲ್ಲಿ 22.9 ತೋರಿಸಿದ್ದು ಅಲ್ಲಿ 23.4 ಆದರೆ ಸೂಟ್‌ಕೇಸು ಬಿಚ್ಚಲೇಬೇಕು. ಅದಕ್ಕೇ ಅನುಭವಸ್ಥರು 23 ಕಿಲೋ ಮಿತಿಗೆ 22.5 ಕಿಲೋ ಮಾತ್ರ ತುಂಬುತ್ತಾರೆ. ನಮ್ಮ ಸಂತೆಯಲ್ಲಿ ತೂಗಿಯಾದ ಮೇಲೆ ಬುಟ್ಟಿಗೆ ಎರಡು ಬದನೆಕಾಯಿ ಹೆಚ್ಚಾಗಿ ಹಾಕುವುದಕ್ಕೆ ಕೊಸರು ಎನ್ನುತ್ತಾರೆ. ಅದು ತಕ್ಕಡಿ ಹಿಡಿದವರು ಗಿರಾಕಿಗೆ ಕೊಡುವಂಥದ್ದು. ಇಲ್ಲಿ ಆ ಅರ್ಧ ಕಿಲೋ ಕೊಸರನ್ನು ಗಿರಾಕಿಯೇ ಮನೆಯಲ್ಲಿ ಕೂತು ಎರಡೆರಡು ಸಲ ತೂಗಿ ನೋಡಿ ಬಿಟ್ಟುಕೊಡುತ್ತಾನೆ.