ನೀರಿನ ನಡೆಯನ್ನು ಅರಿತವರು

ಪ್ರವಾಹವು ಹಗಲಿನಲ್ಲಿಯೇ ಬರಬೇಕೆಂಬ ನಿಯಮವೇನೂ ಇಲ್ಲ. ನಡುರಾತ್ರಿಯ ಜಡಿಮಳೆಯಲ್ಲಿ, ದಾರಿ ಕಾಣದ ಹೊತ್ತಿನಲ್ಲಿ, ಕಟ್ಟೆಯ ನೀರು ಏರತೊಡಗಿದರೆ ಬಾಗಿಲು ತೆರೆಯುವವರು ಯಾರು? ತೆರೆಯುವುದು ತಡವಾದರೆ ಕಟ್ಟೆಗೂ ಅಪಾಯ, ಕೆಳಗಿನ ಊರುಗಳಿಗೂ ಅಪಾಯ. ನೀರೇ ತನ್ನ ದಾರಿಯನ್ನು ತಾನು ತೆರೆದುಕೊಳ್ಳುವಂತೆ ಮಾಡಲಾಗದೆ ಎಂದು ಮೈಸೂರು ಸೀಮೆಯ ಇಂಜಿನಿಯರುಗಳು ಯೋಚಿಸಿದರು.

ಅವರ ಹಿಂದಿನವರು ನೀರಿನ ನಡೆಯನ್ನು ಅರಿಯದವರೇನಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಹೇಮಗಿರಿ, ಮಂದಗೆರೆಗಳ ಅಣೆಗಳಿವೆ. ಪಾಂಡವಪುರದ ಬಳಿ ಬೆಟ್ಟಗಳ ನಡುವೆ ತೊಣ್ಣೂರು ಕೆರೆಯಿದೆ. ಹದಿನೇಳನೆಯ ಶತಮಾನದ ಬಂಗಾರದೊಡ್ಡಿ ನಾಲೆಯು ಹೊಳೆಯ ಕವಲನ್ನೇ ದಾಟಿ ಶ್ರೀರಂಗಪಟ್ಟಣಕ್ಕೆ ನೀರು ತಂದಿತು. ಹೆಚ್ಚಾದ ನೀರಿಗೆ ಹಿರಿಯರು ಕಂಡ ಉಪಾಯ ಒಂದೇ: ಅಣೆಯ ಮೇಲೆ ಉಕ್ಕಿ ಹೋಗಲಿ, ಕೆರೆಗೆ ಕೋಡಿ ಬೀಳಲಿ.

ಆದರೆ ದೊಡ್ಡ ಜಲಾಶಯಕ್ಕೆ ಕೋಡಿಯೊಂದೇ ಸಾಲದು. ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ಮೊದಲು ಬಳಕೆಗೆ ಬಂದವು. ನೀರಿನ ಮಟ್ಟ ಏರಿದಾಗ ತೆರೆದು, ಇಳಿದಾಗ ಮುಚ್ಚಿಕೊಳ್ಳುವ ಬಾಗಿಲುಗಳವು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರಕ್ಕೂ ಅಂಥವನ್ನು ಅಳವಡಿಸಿದರು. ಆ ಕಟ್ಟೆಯ ಕೆಲಸ ನಡೆಯುತ್ತಿದ್ದಾಗಲೇ, 1924ರ ಜುಲೈ ತಿಂಗಳಲ್ಲಿ, ಕಾವೇರಿಗೆ ಮಹಾಪ್ರವಾಹ ಬಂದುದನ್ನು ನೆನೆದರೆ ಈ ಎಚ್ಚರಿಕೆಯ ಬೆಲೆ ತಿಳಿದೀತು.

ಅಲ್ಲಿಂದ ಇನ್ನೊಂದು ಹೆಜ್ಜೆ ಮುಂದೆ ಹೋದವರು ಮೈಸೂರಿನ ಇಂಜಿನಿಯರ್ ವಿ. ಗಣೇಶ ಅಯ್ಯರ್. ಬಾಗಿಲೇ ಬೇಡವೆಂದರು ಅವರು. ನಾಗಮಂಗಲದ ನೆರೆಯ ಕುಣಿಗಲ್ ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದಲ್ಲಿ ಅವರ ಸೈಫನ್‌ಗಳನ್ನು ಇಂದಿಗೂ ನೋಡಬಹುದು. ಅದರ ರಚನೆ ಸರಳ. ನೆಟ್ಟಗೆ ನಿಂತ ದಪ್ಪ ಕೊಳವೆ, ಅದರ ಮೇಲೆ ಆಲಿಕೆಯಂಥ ಬಾಯಿ, ಬಾಯಿಯ ಮೇಲೆ ಬೋರಲು ಹಾಕಿದ ಗುಮ್ಮಟ. ಆಲಿಕೆಯ ಅಂಚಿನಲ್ಲಿ ಬಾಗಿದ ರೆಕ್ಕೆಗಳುಂಟು. ಕೆರೆ ತುಂಬಿ ಅಂಚನ್ನು ದಾಟಿದ ನೀರು ಈ ರೆಕ್ಕೆಗಳಿಂದಾಗಿ ಸುಳಿಯಾಗಿ ತಿರುಗುತ್ತ ಕೆಳಗಿಳಿಯುತ್ತದೆ. ಆ ಸುಳಿಯು ಗುಮ್ಮಟದೊಳಗಿನ ಗಾಳಿಯನ್ನು ತನ್ನೊಡನೆ ಎಳೆದೊಯ್ಯುತ್ತದೆ. ಗಾಳಿ ಬರಿದಾದೊಡನೆ ಕೊಳವೆ ಭರ್ತಿಯಾಗಿ ಹರಿಯತೊಡಗುತ್ತದೆ. ಕೆರೆಯ ಮಟ್ಟ ಇಳಿದಾಗ ಗಾಳಿ ಮತ್ತೆ ಒಳಹೊಕ್ಕು ಹರಿವು ತಾನೇ ನಿಲ್ಲುತ್ತದೆ. ಸರಪಳಿಯಿಲ್ಲ, ಚಕ್ರವಿಲ್ಲ, ಕಾವಲುಗಾರನ ಕೈಯೂ ಬೇಕಿಲ್ಲ.

ಇದರಿಂದ ಲಾಭವೇನು? ನೀರಿನ ವೇಗವು ಅದನ್ನು ನೂಕುವ ಇಳಿತದ ವರ್ಗಮೂಲವನ್ನು ಅನುಸರಿಸುತ್ತದೆ. ಕೋಡಿಯ ಮೇಲೆ 1 ಅಡಿ ನೀರು ನಿಂತಿದ್ದರೆ ಅದನ್ನು ನೂಕುವುದು ಆ 1 ಅಡಿ ಮಾತ್ರ. ಸೈಫನ್ನಿನಲ್ಲಾದರೋ ಕೆರೆಯ ಮಟ್ಟದಿಂದ ಕೊಳವೆಯ ಕೆಳಬಾಯಿಯವರೆಗಿನ ಇಳಿತವೆಲ್ಲ ನೂಕುತ್ತದೆ. ಇಳಿತವು 25 ಅಡಿಯಿದ್ದರೆ, ಘರ್ಷಣೆಯ ನಷ್ಟವನ್ನು ಬದಿಗಿಟ್ಟು ಹೇಳುವುದಾದರೆ, ವೇಗ 5 ಪಟ್ಟು.

ಇಂಥ ವಿಚಾರಗಳನ್ನು ಕಟ್ಟೆ ಕಟ್ಟಿದ ಮೇಲೆ ಪರೀಕ್ಷಿಸುವುದು ಜಾಣತನವಲ್ಲ. 1944ರಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಕೃಷ್ಣರಾಜಸಾಗರದಲ್ಲಿ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. ಇಂಥ ಕೇಂದ್ರಗಳಲ್ಲಿ ನದಿ, ಕಟ್ಟೆ, ನಾಲೆಗಳ ಚಿಕ್ಕ ಮಾದರಿಗಳನ್ನು ಕಟ್ಟಿ ನೀರು ಹರಿಸಿ ನೋಡುತ್ತಾರೆ. ಮಾದರಿಯು ನಿಜದ 25ರಲ್ಲಿ ಒಂದು ಪಾಲಿದ್ದರೆ ನೀರಿನ ವೇಗ 5ರಲ್ಲಿ ಒಂದು ಪಾಲಿರಬೇಕು. ಇಲ್ಲಿಯೂ ಅದೇ ವರ್ಗಮೂಲದ ಲೆಕ್ಕ. ಅಲ್ಲಿ ಸೆಕೆಂಡಿಗೆ ಹರಿದ 1 ಘನ ಅಡಿ ನೀರು ಹೊಳೆಯಲ್ಲಿ ಸೆಕೆಂಡಿಗೆ ಹರಿಯುವ 3,125 ಘನ ಅಡಿಗೆ ಸಮ. ಕಟ್ಟೆಯ ಬುಡವನ್ನು ನೀರು ಎಲ್ಲಿ ಕೊರೆದೀತೆಂಬುದನ್ನು ಅಂಗಳದಲ್ಲಿಯೇ ಕಾಣಬಹುದು.

ಈ ವಿದ್ಯೆ ಹೊಳೆಗೆ ಮಾತ್ರ ಸೀಮಿತವಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರಿನಿಂದ ಬೆಳೆದ ಕಬ್ಬಿನ ಹಾಲು ಕಾರ್ಖಾನೆಯ ಕೊಳವೆಗಳಲ್ಲಿ ಸಲೀಸಾಗಿ ಓಡುತ್ತದೆ, ಕಾಕಂಬಿಯಾದರೋ ತೆವಳುತ್ತದೆ. ಎರಡರ ನಡೆಯನ್ನೂ ಅಳೆದು ತಿಳಿಯುವುದು ರಾಸಾಯನಿಕ ಇಂಜಿನಿಯರನ ಕೆಲಸ. ದ್ರವ ಬೇರೆಯಾದರೂ ಶಾಸ್ತ್ರ ಒಂದೇ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯಲ್ಲಿ ಸರಪಳಿ ತುಂಡಾಗಿ 19ನೆಯ ಬಾಗಿಲು ಕೊಚ್ಚಿಹೋಯಿತು. ಎಲ್ಲ ಕಟ್ಟೆಗೂ ಸೈಫನ್ನೇ ಮದ್ದೆಂದು ಇದರಿಂದ ಹೇಳಲಾಗದು. ಕೊಳವೆಯು ತನ್ನ ಅಳತೆಗೆ ಮೀರಿದ ನೆರೆಯನ್ನು ನುಂಗಲಾರದು. ಆದರೆ ನಡುರಾತ್ರಿಯ ಆ ಹಳೆಯ ಪ್ರಶ್ನೆ ಇನ್ನೂ ಹಳತಾಗಿಲ್ಲವೆಂಬುದು ನಿಜ. ಮಾರ್ಕೋನಹಳ್ಳಿಯಲ್ಲಿ ಕೆರೆ ತುಂಬಿ ಸೈಫನ್ ಭೋರ್ಗರೆಯುವಾಗ ನೋಡಲು ಜನ ಸೇರುತ್ತಾರೆ. ಆ ನೊರೆಯ ಹಿಂದೆ ಒಬ್ಬ ಇಂಜಿನಿಯರ್ ಸುಳಿಯೊಂದನ್ನು ತಾಳ್ಮೆಯಿಂದ ನೋಡುತ್ತ ನಿಂತಿದ್ದನೆಂಬುದನ್ನೂ ಅವರು ನೆನೆಯಲಿ.