ಗ್ಲಸ್ಟರ್‌ಎಫ್‌ಎಸ್ ಕ್ಲಸ್ಟರ್‌ಗಳ ಆವೃತ್ತಿ ಬದಲಾವಣೆ

ಹಲವು ಲಿನಕ್ಸ್ ಸರ್ವರ್‌ಗಳ ಡಿಸ್ಕ್‌ಗಳನ್ನು ಕೂಡಿಸಿ ಒಂದೇ ಸಂಗ್ರಹದಂತೆ ತೋರಿಸುವ ಮುಕ್ತ ತಂತ್ರಾಂಶ ಗ್ಲಸ್ಟರ್‌ಎಫ್‌ಎಸ್. ಇದರ ಕೆಲಸದ ದೊಡ್ಡ ಪಾಲು ನಡೆದದ್ದು ಬೆಂಗಳೂರಿನಲ್ಲಿ. ಹೀಗೆ ಕೂಡಿಸಿದ ಸರ್ವರ್‌ಗಳ ಗುಂಪನ್ನು, ಅಂದರೆ ಕ್ಲಸ್ಟರನ್ನು, ಒಳಗಿರುವ ಕಡತಗಳು ಕೆಡದಂತೆ, ಸಾಧ್ಯವಾದಷ್ಟೂ ಸೇವೆ ನಿಲ್ಲದಂತೆ ಹೊಸ ಪ್ರಮುಖ ಆವೃತ್ತಿಗೆ ಏರಿಸುವ ಕ್ರಮ ವರ್ಷಗಳ ಅನುಭವದಿಂದ ರೂಪುಗೊಂಡಿತು. ಸೇವೆ ನಿಂತರೆ ಏನಾಗುತ್ತದೆಂದು ಬರಗೂರು, ಶಿರಾ, ಮಧುಗಿರಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪಹಣಿಗೋ ಆದಾಯ ಪ್ರಮಾಣಪತ್ರಕ್ಕೋ ಸರದಿಯಲ್ಲಿ ನಿಂತವರಿಗೆ ‘ಸರ್ವರ್ ಇಲ್ಲ’ ಎಂಬ ಮಾತು ಹೊಸದಲ್ಲ. ಆ ಒಂದು ಮಾತಿಗೆ ಅವರ ದಿನದ ಕೂಲಿ ಹೋಗುತ್ತದೆ. ಅಂಥ ಸೇವೆಗಳ ಹಿಂದೆ ಯಾವ ತಂತ್ರಾಂಶವೇ ಇರಲಿ, ಸೇವೆ ನಿಲ್ಲದಂತೆ ಅದನ್ನು ಏರಿಸುವುದು ಹೇಗೆ ಎಂಬುದೇ ಏರಿಸುವವರ ಮುಂದಿರುವ ಪ್ರಶ್ನೆ.

ಆನಂದ ಬಾಬು ಪೆರಿಯಸಾಮಿ ಮತ್ತು ಹಿತೇಶ್ ಚೆಲ್ಲಾನಿ 2005ರಲ್ಲಿ ಗ್ಲಸ್ಟರ್ ಸಂಸ್ಥೆಯನ್ನು ಕಟ್ಟಿದರು. 2011ರ ಅಕ್ಟೋಬರ್‌ನಲ್ಲಿ ರೆಡ್ ಹ್ಯಾಟ್ ಸಂಸ್ಥೆ ಸುಮಾರು 13.6 ಕೋಟಿ ಡಾಲರ್‌ಗೆ ಅದನ್ನು ಕೊಂಡುಕೊಂಡಿತು. ಯಾವ ಕಡತ ಎಲ್ಲಿದೆ ಎಂದು ಬರೆದಿಡುವ ಪ್ರತ್ಯೇಕ ಸರ್ವರ್ ಇದರಲ್ಲಿಲ್ಲ. ಕಡತದ ಹೆಸರಿನಿಂದಲೇ ಲೆಕ್ಕ ಹಾಕಿ, ಅದು ಯಾವ ‘ಬ್ರಿಕ್’ನಲ್ಲಿದೆ, ಅಂದರೆ ಯಾವ ಸರ್ವರ್‌ನ ಯಾವ ಫೋಲ್ಡರ್‌ನಲ್ಲಿದೆ ಎಂದು ಪತ್ತೆ ಹಚ್ಚಲಾಗುತ್ತದೆ. ಹೀಗಾಗಿ ಎಲ್ಲ ಸರ್ವರ್‌ಗಳೂ ಒಂದೇ ಲೆಕ್ಕವನ್ನು ಒಪ್ಪಿಕೊಂಡಿರಬೇಕು. ಒಂದು ಸರ್ವರ್ ಹೊಸ ಆವೃತ್ತಿಯ ಮಾತನಾಡಿ ಇನ್ನೊಂದಕ್ಕೆ ಅದು ಅರ್ಥವಾಗದಿದ್ದರೆ ಇಡೀ ಕ್ಲಸ್ಟರ್ ತೊಡಕಿಗೆ ಸಿಲುಕುತ್ತದೆ.

ಮೊದಮೊದಲು ಬ್ರಿಕ್‌ಗಳನ್ನು ಕೂಡಿಸಿದ ಸಂಗ್ರಹದ, ಅಂದರೆ ‘ವಾಲ್ಯೂಮಿ’ನ, ರಚನೆಯನ್ನು ನಿರ್ವಾಹಕರು ಕೈಯಾರೆ ಬರೆದು ಸರ್ವರ್‌ಗಳಿಗೆ ಹಂಚುತ್ತಿದ್ದರು. 2010ರ 3.1 ಆವೃತ್ತಿಯಲ್ಲಿ ಬಂದ ‘ಗ್ಲಸ್ಟರ್‌ಡಿ’ ಎಂಬ ನಿರ್ವಹಣಾ ಸೇವೆ ಆ ಹೊರೆ ಇಳಿಸಿತು. ಆದರೆ 2012ರ ಮೇ ತಿಂಗಳಲ್ಲಿ ಹೊರಬಂದ 3.3 ತನ್ನ ಹಿಂದಿನ ಯಾವ ಆವೃತ್ತಿಯೊಂದಿಗೂ ಹೊಂದಿಕೊಳ್ಳುತ್ತಿರಲಿಲ್ಲ. ಅದಕ್ಕೆ ಹೋಗಬೇಕಾದರೆ ಎಲ್ಲ ಸರ್ವರ್‌ಗಳನ್ನೂ ಒಟ್ಟಿಗೆ ನಿಲ್ಲಿಸಲೇಬೇಕಿತ್ತು. ಸಂರಚನೆಯ ಕಡತಗಳ ಜಾಗವೂ ‘ಇಟಿಸಿ’ ಫೋಲ್ಡರ್‌ನಿಂದ ‘ವಾರ್’ ಫೋಲ್ಡರ್‌ನ ಒಳಕ್ಕೆ ಬದಲಾಯಿತು.

ಈ ಕಷ್ಟಕ್ಕೆ ಪರಿಹಾರ 2013ರ 3.4ರಲ್ಲಿ ಸಿಕ್ಕಿತು. ಗ್ಲಸ್ಟರ್‌ನ ಚರಿತ್ರೆಯಲ್ಲಿ ಅತಿ ಜಾಣ ತೀರ್ಮಾನ ಇದೇ ಎನ್ನಬೇಕು. ಇನ್‌ಸ್ಟಾಲ್ ಆಗಿರುವ ತಂತ್ರಾಂಶದ ಆವೃತ್ತಿ ಯಾವುದೇ ಇರಲಿ, ಕ್ಲಸ್ಟರ್ ನಡೆಯುವ ಮಟ್ಟವನ್ನು ‘ಆಪ್-ವರ್ಷನ್’ ಎಂಬ ಬೇರೆಯದೇ ಸಂಖ್ಯೆ ನಿರ್ಧರಿಸತೊಡಗಿತು. 3.4ಕ್ಕೆ ಅದು 2, 3.5ಕ್ಕೆ 3, 3.6ರಿಂದ 30600ರಂಥ ಐದಂಕಿಯ ಸಂಖ್ಯೆಗಳು ಬಂದವು. ಹೊಸ ತಂತ್ರಾಂಶ ಹಾಕಿಕೊಂಡ ಸರ್ವರ್ ಕೂಡ ಈ ಸಂಖ್ಯೆ ಏರುವವರೆಗೆ ಹಳೆಯ ರೀತಿಯಲ್ಲೇ ಉಳಿದವುಗಳ ಜೊತೆ ಹೊಂದಿಕೊಂಡು ಹೋಗುತ್ತದೆ. ಎಲ್ಲವೂ ಹೊಸದಾದ ಮೇಲೆ ನಿರ್ವಾಹಕರು ಸಂಖ್ಯೆಯನ್ನು ಏರಿಸುತ್ತಾರೆ. ಅಲ್ಲಿಂದಾಚೆಗೆ ಹಿಂದಕ್ಕೆ ಬರುವ ದಾರಿಯಿಲ್ಲ.

ಒಂದೇ ಕಡತದ ಪ್ರತಿಗಳು ಹಲವು ಸರ್ವರ್‌ಗಳಲ್ಲಿರುವ ವಾಲ್ಯೂಮುಗಳಲ್ಲಿ ಹೀಗೆ ಒಂದೊಂದೇ ಸರ್ವರನ್ನು ಏರಿಸಬಹುದು. ಒಂದರಲ್ಲಿ ಗ್ಲಸ್ಟರ್ ಪ್ರಕ್ರಿಯೆಗಳನ್ನೆಲ್ಲ ನಿಲ್ಲಿಸಿ, ಹೊಸ ಆವೃತ್ತಿ ಹಾಕಿ, ಮತ್ತೆ ಚಾಲೂ ಮಾಡಬೇಕು. ಅದು ನಿಂತಿದ್ದಾಗ ಉಳಿದ ಪ್ರತಿಗಳಲ್ಲಿ ಬರೆದದ್ದೆಲ್ಲ ಈಗ ಅದಕ್ಕೂ ತಲುಪಬೇಕು. ಇದನ್ನು ‘ಸೆಲ್ಫ್-ಹೀಲ್’ ಎನ್ನುತ್ತಾರೆ. ಹೀಲ್‌ನ ವಿವರ ಕೇಳಿದಾಗ ಪ್ರತಿಯೊಂದು ಬ್ರಿಕ್‌ನ ಎದುರೂ ಬಾಕಿ ಸಂಖ್ಯೆ 0 ಎಂದು ಕಾಣುವವರೆಗೆ ಮುಂದಿನ ಸರ್ವರ್ ಮುಟ್ಟುವಂತಿಲ್ಲ. ಅವಸರಪಟ್ಟರೆ ಎರಡು ಪ್ರತಿಗಳು ಬೇರೆಬೇರೆಯಾಗಿ, ಯಾವುದು ಸರಿಯೆಂದು ತಂತ್ರಾಂಶಕ್ಕೇ ತಿಳಿಯದ ‘ಸ್ಪ್ಲಿಟ್-ಬ್ರೇನ್’ ಸ್ಥಿತಿ ಬರಬಹುದು. ಅದನ್ನು ತಡೆಯಲೆಂದು 2015ರ 3.7ರಲ್ಲಿ, ಕಡತದ ಒಳವಸ್ತುವಿಲ್ಲದೆ ಅದರ ಹೆಸರು, ಗುರುತುಗಳನ್ನಷ್ಟೇ ಇಟ್ಟುಕೊಳ್ಳುವ ‘ಆರ್ಬಿಟರ್’ ಬ್ರಿಕ್ ಸೇರಿತು. ಪ್ರತಿಯೇ ಇಲ್ಲದ, ಕೇವಲ ಹಂಚಿಕೆಯ ವಾಲ್ಯೂಮುಗಳಿಗೆ ಈ ದಾರಿ ಸಲ್ಲದು; ಅವನ್ನು ನಿಲ್ಲಿಸಿಯೇ ಏರಿಸಬೇಕು.

ಗ್ಲಸ್ಟರ್ ಜೊತೆಗೆ ಅದರಡಿಯ ಲಿನಕ್ಸ್ ಕೂಡ ಬದಲಾಗುವಾಗ ಅಪಾಯ ಹೆಚ್ಚು. ಸೆಂಟ್‌ಒಎಸ್ 6ರ ಬೆಂಬಲ 2020ರ ನವೆಂಬರ್ 30ಕ್ಕೂ 7ರದ್ದು 2024ರ ಜೂನ್ 30ಕ್ಕೂ ಮುಗಿಯಿತು. 8ನ್ನು ಅವಧಿಗೆ ಮೊದಲೇ, 2021ರ ಕೊನೆಗೆ ಕೈಬಿಟ್ಟದ್ದರಿಂದ ಹಲವರು ರಾಕಿ, ಆಲ್ಮಾ ಲಿನಕ್ಸ್‌ಗಳತ್ತ ಹೊರಳಿದರು. ಲಿನಕ್ಸನ್ನು ಹೊಸದಾಗಿ ಹಾಕುವಾಗ ‘ಗ್ಲಸ್ಟರ್‌ಡಿ’ಯ ಫೋಲ್ಡರ್ ಅಳಿಸಿಹೋದರೆ ಸರ್ವರ್ ತನ್ನ ಗುರುತಿನ ಸಂಖ್ಯೆಯನ್ನೇ ಕಳೆದುಕೊಳ್ಳುತ್ತದೆ, ಜೊತೆಗಾರ ಸರ್ವರ್‌ಗಳು ಅದನ್ನು ತಮ್ಮದೆಂದು ಒಪ್ಪುವುದಿಲ್ಲ. ಡಿಸ್ಕ್‌ನಲ್ಲಿ ಕಡತಗಳೆಲ್ಲ ಸುರಕ್ಷಿತವಾಗಿದ್ದರೂ ಅದು ಕ್ಲಸ್ಟರಿನ ಹೊರಗೇ ಉಳಿಯುತ್ತದೆ.

2018ರ 4.0ರ ಜೊತೆ ಬಂದ, ಗೋ ಭಾಷೆಯಲ್ಲಿ ಹೊಸದಾಗಿ ಬರೆದ ‘ಗ್ಲಸ್ಟರ್‌ಡಿ2’ ನೆಲೆ ನಿಲ್ಲಲಿಲ್ಲ, ಹಳೆಯದೇ ಮುಂದುವರಿಯಿತು. ಗ್ಲಸ್ಟರ್‌ಗಾಗಿ ಬಹುಕಾಲ ದುಡಿದ ಅಮರ್ ತುಂಬಳ್ಳಿ ಮತ್ತು ಅರವಿಂದ ವಿ.ಕೆ. ಅದೇ ತಂತ್ರವನ್ನು, ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್ ವ್ಯವಸ್ಥೆಗೆ ಒಗ್ಗಿಸಿ ‘ಕಡಲು’ ಯೋಜನೆಯನ್ನು ಆರಂಭಿಸಿದರು.

ಗ್ಲಸ್ಟರ್‌ಎಫ್‌ಎಸ್ 11 ಬಿಡುಗಡೆಯಾದದ್ದು 2023ರಲ್ಲಿ. ರೆಡ್ ಹ್ಯಾಟ್ ತನ್ನ ಗ್ಲಸ್ಟರ್ ಸ್ಟೋರೇಜ್ ಉತ್ಪನ್ನಕ್ಕೆ ನೀಡುತ್ತಿದ್ದ ಬೆಂಬಲ 2024ರ ಡಿಸೆಂಬರ್ 31ರಂದು ಕೊನೆಗೊಂಡಿತು.