ಗೋಡೆಗುಂಟ ಒಂದು ಓರೆನಡೆ

ಡ್ರೆಸ್ಸಾಜ್ ತರಬೇತಿಯ ಓರೆನಡೆಗಳಿಗೆಲ್ಲ ತಾಯಿಬೇರು ಶೋಲ್ಡರ್-ಇನ್. ಕುದುರೆ ಗೋಡೆಗುಂಟ ಮುಂದೆ ಸಾಗುತ್ತಲೇ ಮುಂಭುಜಗಳನ್ನು ಅಂಗಳದ ಒಳಕ್ಕೆ ತರುತ್ತದೆ, ಹಿಂಭಾಗವನ್ನು ಗೋಡೆಯ ಪಕ್ಕದಲ್ಲೇ ಉಳಿಸಿಕೊಳ್ಳುತ್ತದೆ, ಸವಾರನ ಒಳಗಾಲಿನ ಸುತ್ತ ಬಿಲ್ಲಿನಂತೆ ಬಾಗುತ್ತದೆ. ಫ್ರೆಂಚ್ ಗುರು ಫ್ರಾಂಸ್ವಾ ರೊಬಿಶೋ ದ ಲಾ ಗೆರಿನಿಯೇರ್ ಇದರ ಜನಕ ಎಂಬುದು ರೂಢಿಯ ಮಾತು. ಅದಕ್ಕೂ ಮುಕ್ಕಾಲು ಶತಮಾನ ಮೊದಲೇ ಇಂಗ್ಲೆಂಡಿನ ವಿಲಿಯಂ ಕ್ಯಾವೆಂಡಿಶ್ ಇದೇ ಬಾಗನ್ನು ಕಲಿಸುತ್ತಿದ್ದನಲ್ಲ ಎಂಬ ಆಕ್ಷೇಪವೂ ಹಳೆಯದೇ. ಆಕ್ಷೇಪ ನಿಜ. ಆದರೂ ಗೆರಿನಿಯೇರನ ಹೆಗ್ಗಳಿಕೆ ಅದರಿಂದ ಕುಂದುವುದಿಲ್ಲ ಎಂದೇ ನನ್ನ ವಾದ, ಏಕೆಂದರೆ ಅವನು ಮಾಡಿದ್ದು ಬಾಗಿನ ಶೋಧವಲ್ಲ, ಭಾರದ ಶೋಧ.

ನ್ಯೂಕ್ಯಾಸಲ್‌ನ ಡ್ಯೂಕ್ ಆದ ಕ್ಯಾವೆಂಡಿಶ್ ಅಂತರ್ಯುದ್ಧದಲ್ಲಿ ಸೋತು ದೇಶಬಿಟ್ಟವನು. ಆಂಟ್‌ವರ್ಪ್‌ನಲ್ಲಿದ್ದಾಗ 1658ರಲ್ಲಿ ತನ್ನ ದೊಡ್ಡ ಗ್ರಂಥವನ್ನು ಪ್ರಕಟಿಸಿದ. ಅವನ ಪಾಠ ನಡೆಯುತ್ತಿದ್ದುದು ಸುತ್ತಿನಲ್ಲಿ: ತಲೆ ಒಳಕ್ಕೆ, ಹಿಂಭಾಗ ಹೊರಕ್ಕೆ. ಇದರಿಂದ ಭುಜಗಳು ಸಡಿಲವಾಗುತ್ತವೆ, ನಿಜ. ಆದರೆ ಭಾರವೆಲ್ಲ ಮುಂಗಾಲುಗಳ ಮೇಲೆ ಬೀಳುತ್ತದೆ. ಇದನ್ನು ಡ್ಯೂಕ್ ತಾನೇ ಒಪ್ಪಿಕೊಂಡಿದ್ದ. 1730ರಿಂದ ಪ್ಯಾರಿಸ್‌ನ ತ್ವಿಲ್‌ರೀ ಸವಾರಿಶಾಲೆಯನ್ನು ನಡೆಸಿದ ಗೆರಿನಿಯೇರ್ 1733ರ ‘ಎಕೋಲ್ ದ ಕವಲರಿ’ಯಲ್ಲಿ ಡ್ಯೂಕನನ್ನು ಗೌರವದಿಂದ ನೆನೆದು, ಆ ಒಪ್ಪಿಗೆಯನ್ನೇ ತನ್ನ ಮೊದಲ ಸಾಕ್ಷ್ಯವಾಗಿ ಮುಂದಿಟ್ಟ. ಹಿಂದಿನ ಗುರುವಿನ ಪ್ರಾಮಾಣಿಕತೆಯಿಂದಲೇ ಹೊಸ ಪಾಠ ಹುಟ್ಟಿದ್ದು ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ. ಬಾಗನ್ನು ಅವನು ಸುತ್ತಿನಿಂದ ಬಿಡಿಸಿ ನೇರ ಗೋಡೆಗೆ ತಂದ. ಅಲ್ಲಿ ಒಳಗಿನ ಹಿಂಗಾಲು ಪ್ರತಿ ಹೆಜ್ಜೆಗೂ ಹೊಟ್ಟೆಯ ಅಡಿಗೆ ಬರಬೇಕು, ಬರಬೇಕಾದರೆ ಆ ಬದಿಯ ಸೊಂಟ ತಗ್ಗಬೇಕು. ಸೊಂಟ ತಗ್ಗಿದರೆ ಮುಂಭಾಗ ಹಗುರಾಗುತ್ತದೆ.

ಓರೆನಡೆಗಳೆಲ್ಲ ರಣರಂಗದಿಂದ ಬಂದವು, ಕತ್ತಿಯೇಟು ತಪ್ಪಿಸಿಕೊಳ್ಳಲು ಹುಟ್ಟಿದವು ಎನ್ನುವವರೂ ಇದ್ದಾರೆ. ಕತ್ತಿ ಹಿಡಿದವನಿಗೆ ಪಕ್ಕಕ್ಕೆ ಸರಿಯಬಲ್ಲ ಕುದುರೆ ಬೇಕಾಗಿತ್ತು, ಅದನ್ನು ಅಲ್ಲಗಳೆಯಲಾಗದು. ಶೋಲ್ಡರ್-ಇನ್‌ಗೆ ಮಾತ್ರ ಆ ವಿವರಣೆ ಹೊಂದುವುದಿಲ್ಲ, ಬಾಗಿದ ದಿಕ್ಕನ್ನು ಬಿಟ್ಟು ಬೇರೆಡೆಗೆ ನಡೆಯುವುದರಿಂದ ಕಾಳಗದಲ್ಲಿ ಗಿಟ್ಟುವುದೇನು? ಅದು ಮೈ ಪಳಗಿಸುವ ಅಂಗಸಾಧನೆ. ಗೆರಿನಿಯೇರ್ ಯುದ್ಧದ, ಬೇಟೆಯ, ಗಾಡಿಯ ಕುದುರೆಗಳ ಬಗ್ಗೆ ಬೇರೆಬೇರೆಯಾಗಿ ಬರೆದರೂ ಈ ಪಾಠವನ್ನು ತರಬೇತಿಯ ಬುಡದಲ್ಲೇ ಇಟ್ಟ.

ಇಂದಿನ ಸ್ಪರ್ಧೆಗಳ ಶೋಲ್ಡರ್-ಇನ್ ಅವನದಲ್ಲ, ಕೋನ ಕಿರಿದಾಗಿದೆ ಎಂಬ ದೂರು ಹೆಚ್ಚು ತೂಕದ್ದು. ಅವನ ಕುದುರೆ ನಾಲ್ಕು ಸಾಲಿನಲ್ಲಿ ಹೆಜ್ಜೆಯಿಡುತ್ತಿತ್ತು, ಈಗಿನದು ಸುಮಾರು 30 ಡಿಗ್ರಿ ಓರೆಯಲ್ಲಿ ಮೂರು ಸಾಲಿನಲ್ಲಿ. ಆದರೆ ಒರೆಗಲ್ಲು ಕೋನವಲ್ಲ, ಹಿಂಗಾಲು. ಕುದುರೆ ಹಾದುಹೋದ ಮೇಲೆ ಮರಳನ್ನು ನೋಡಿ: ಗೋಡೆಯ ಪಕ್ಕ ಹೊರಗಿನ ಹಿಂಗಾಲಿನ ಸಾಲು, ಅಂಗಳದ ಕಡೆ ಒಳಗಿನ ಮುಂಗಾಲಿನದು. ನಡುವಿನ ಸಾಲಿನಲ್ಲಿ ಹೊರಗಿನ ಮುಂಗಾಲು ಹೋದ ದಾರಿಯಲ್ಲೇ ಒಳಗಿನ ಹಿಂಗಾಲೂ ಬಂದಿರುತ್ತದೆ.